ಇಗ್ಬೋ ನಾಮಪದದೊಳಗಿನ ಧಾತುವನ್ನು ಗುರುತಿಸುವ ಬಗೆ

ನೈಜೀರಿಯಾದ ಆಗ್ನೇಯ ಭಾಗದ ಇಗ್ಬೋ ಭಾಷೆಯ ನಾಮಪದವನ್ನು ಬಿಡಿಸುವ ಮುನ್ನ ಅದರ 8 ಸ್ವರಗಳ ಎರಡು ಗುಂಪುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಎ, ಇ, ಒ, ಉ ಒಂದು ಗುಂಪು, ಅ ಹಾಗೂ ಅಡಿಚುಕ್ಕೆಯಿಂದ ಗುರುತಿಸುವ ಇ, ಒ, ಉ ಇನ್ನೊಂದು. ಒಂದು ಸರಳ ಪದದ ಸ್ವರಗಳು ಸಾಮಾನ್ಯವಾಗಿ ಒಂದೇ ಗುಂಪಿನವಾಗಿರುತ್ತವೆ; ಇದೇ ಸ್ವರಸಾಮರಸ್ಯ. ಕನ್ನಡ ಲಿಪಿ ಈ ಭೇದವನ್ನು ತೋರಿಸಲಾರದು, ಆದ್ದರಿಂದ ಮೂಲ ಬರಹವನ್ನೇ ನೋಡುವುದು ಒಳ್ಳೆಯದು.

'ಬರೆ'ಯಿಂದ 'ಬರಹ' ಮಾಡುವ ನಮಗೆ ಪದದ ಕೊನೆಯನ್ನು ಗಮನಿಸುವ ರೂಢಿಯಿದೆ. ಇಲ್ಲಿ ಮೊದಲಕ್ಷರವನ್ನು ನೋಡಬೇಕು. 'ಸಿ' ಎಂದರೆ ಬೇಯಿಸು, 'ಒಸಿ ನ್ರಿ' ಎಂದರೆ ಅಡುಗೆಯವರು. ಧಾತುವಿನ ಸ್ವರ ಮೊದಲ ಗುಂಪಿನದಾದ್ದರಿಂದ ಪೂರ್ವಪ್ರತ್ಯಯದ 'ಒ'ಕಾರಕ್ಕೆ ಚುಕ್ಕೆಯಿಲ್ಲ. ಚಾಲಕ ಎಂಬರ್ಥದ 'ಒಕ್ವೊ ಉಗ್ಬೊಅಲ'ದಲ್ಲಿ ಧಾತುವಿನ ಸ್ವರ ಎರಡನೆಯ ಗುಂಪಿನದಾದ್ದರಿಂದ ಚುಕ್ಕೆಯಿದೆ.

ನನಗೆ ಅತ್ಯಂತ ಸುಂದರವಾಗಿ ಕಾಣುವುದು ದ್ವಿರುಕ್ತಿ. 'ಡೆ' (ಬರೆ) ಧಾತುವಿನಿಂದ ಬರುವುದು 'ಒಡೆಡೆ' ಅಲ್ಲ, 'ಒಡಿಡೆ'. ಧಾತುವಿನ ಸ್ವರ ಉನ್ನತವಲ್ಲದಿದ್ದರೆ (ಎಂದರೆ ಇ, ಉಗಳಂತೆ ನಾಲಿಗೆಯನ್ನು ಮೇಲೆತ್ತಿ ನುಡಿಯುವಂಥದ್ದಲ್ಲದಿದ್ದರೆ) ಪುನರುಕ್ತ ಭಾಗದಲ್ಲಿ ಉನ್ನತ ಸ್ವರ ಬರುತ್ತದೆ. 'ರಿ' (ತಿನ್ನು) ಧಾತುವಿನ ಸ್ವರ ಮೊದಲೇ ಉನ್ನತವಾದ್ದರಿಂದ 'ಒರಿರಿ' ಎಂದು ಹಾಗೆಯೇ ಉಳಿಯುತ್ತದೆ.

ಮೊದಲಲ್ಲಿ ಅನುನಾಸಿಕ ಕಂಡರೆ ಮುಂದಿನ ವ್ಯಂಜನವನ್ನು ಪರಿಶೀಲಿಸಿ, ಅನುನಾಸಿಕದ ರೂಪ ಅದಕ್ಕೆ ಹೊಂದಿಕೊಳ್ಳುತ್ತದೆ: 'ಬಿಡೊ' (ಆರಂಭಿಸು) 'ಮ್ಬಿಡೊ' ಆಗುತ್ತದೆ, 'ಚೆಟ' (ನೆನೆ) 'ನ್ಚೆಟ' ಆಗುತ್ತದೆ.

ಆದರೆ ಸಮಾಸಪದಗಳಲ್ಲಿ ಸ್ವರಸಾಮರಸ್ಯವನ್ನು ನಿರೀಕ್ಷಿಸಬೇಡಿ. ವಾಹನವಾಚಕ 'ಉಗ್ಬೊ' ಎರಡನೆಯ ಗುಂಪಿನದು, ಆಕಾಶವಾಚಕ 'ಎಲು' ಮೊದಲನೆಯದು. ಎರಡೂ ಸೇರಿ ವಿಮಾನವಾದ ಮೇಲೂ ತಮ್ಮ ಸ್ವರಗಳನ್ನು ಉಳಿಸಿಕೊಳ್ಳುತ್ತವೆ. ಹೀಗೆ ಗುಂಪುಗಳು ಬೆರೆತಿದ್ದರೆ ಅಲ್ಲಿ ಎರಡು ಪದಗಳ ಗಡಿಯಿರಬಹುದೆಂದು ಮೊದಲು ಶಂಕಿಸಿ.