ಕೊಟ್ಟರೂ ಸರಿ, ಬಿಟ್ಟರೂ ಸರಿ: ಐಚ್ಛಿಕ ಆರ್ಗ್ಯುಮೆಂಟ್‌ಗಳನ್ನು ಬರೆದು ತೋರಿಸುವುದು ಹೇಗೆ?

ಕಲಬುರಗಿಯಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುವವರಿಗೆ ಉದಾಹರಣೆ ಹುಡುಕುವ ಕಷ್ಟವಿಲ್ಲ, ತೊಗರಿಯ ಲೆಕ್ಕ ಇದ್ದೇ ಇದೆ. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದಾದ್ದರಿಂದ ನಮ್ಮ ತರಗತಿಯ ಫಂಕ್ಷನ್‌ಗೆ ‘ತೊಗರಿ_ಬೆಲೆ’ ಎಂದೇ ಹೆಸರು. ಫಂಕ್ಷನ್ ಎಂದರೆ ಮೌಲ್ಯ ಕೊಟ್ಟರೆ ಉತ್ತರ ಕೊಡುವ, ಹೆಸರಿಟ್ಟ ಲೆಕ್ಕ; ಹಾಗೆ ಕೊಡುವ ಮೌಲ್ಯಗಳೇ ಆರ್ಗ್ಯುಮೆಂಟ್‌ಗಳು. ಇಲ್ಲಿ ತೂಕ ಎಷ್ಟು ಕ್ವಿಂಟಲ್, ಕ್ವಿಂಟಲ್‌ಗೆ ದರ ಎಷ್ಟು ಎಂಬೆರಡು ಕಡ್ಡಾಯ. ಕ್ವಿಂಟಲ್‌ಗೆ ಇಷ್ಟೆಂದು ಕಳೆಯುವ ಹಮಾಲಿ ಮತ್ತು ಸಾಗಣೆ ಐಚ್ಛಿಕ. ಕೈಪಿಡಿಯಲ್ಲಿ ನಾನು ಮೊದಲು ಹಳೆಯ ರೂಢಿಯಂತೆ ಐಚ್ಛಿಕವಾದವುಗಳಿಗೆ ಚೌಕ ಆವರಣ ಹಾಕಿದ್ದೆ:

ತೊಗರಿ_ಬೆಲೆ(ತೂಕ, ದರ[, ಹಮಾಲಿ[, ಸಾಗಣೆ]])

ಅಲ್ಪವಿರಾಮ ಆವರಣದ ಒಳಗಿರುವುದು ಬೇಕೆಂದೇ: ಮೌಲ್ಯವನ್ನು ಬಿಟ್ಟರೆ ಅದರ ಅಲ್ಪವಿರಾಮವೂ ಹೋಗಬೇಕು. ಆವರಣದೊಳಗೆ ಇನ್ನೊಂದು ಆವರಣವಿದ್ದರೆ, ಹಮಾಲಿ ಕೊಡದೆ ಸಾಗಣೆ ಕೊಡುವಂತಿಲ್ಲ ಎಂದರ್ಥ. ಇದನ್ನು ಬಲ್ಲವರಷ್ಟೇ ಬಲ್ಲರು. ಒಬ್ಬ ವಿದ್ಯಾರ್ಥಿ ಆವರಣವನ್ನೂ ಸೇರಿಸಿ ತೊಗರಿ_ಬೆಲೆ(5, 7000, [20]) ಎಂದು ಟೈಪ್ ಮಾಡಿದ. ಪೈಥಾನ್‌ನಲ್ಲಿ ಚೌಕ ಆವರಣವೆಂದರೆ ಪಟ್ಟಿ. 5ರಿಂದ ಗುಣಿಸಿದಾಗ 100 ಬರುವ ಬದಲು ಐದು ಇಪ್ಪತ್ತುಗಳ ಪಟ್ಟಿ ಬಂತು, ಅದನ್ನು 35000ದಿಂದ ಕಳೆಯಲಾಗದೆ ಪ್ರೋಗ್ರಾಂ ನಿಂತಿತು. ತಪ್ಪು ಅವನದಲ್ಲ, ನನ್ನ ಬರವಣಿಗೆಯದು.

ಆದ್ದರಿಂದ ಮೊದಲ ಹಂತದಲ್ಲಿ ಆವರಣ ತೆಗೆದು ಡಿಫಾಲ್ಟ್ ಮೌಲ್ಯವನ್ನೇ, ಅಂದರೆ ಏನೂ ಕೊಡದಿದ್ದಾಗ ಬಳಕೆಯಾಗುವುದನ್ನೇ, ಬರೆಯಿರಿ:

ತೊಗರಿ_ಬೆಲೆ(ತೂಕ, ದರ, ಹಮಾಲಿ=0, ಸಾಗಣೆ=0)

ಆವರಣ ‘ಬಿಡಬಹುದು’ ಎಂದಷ್ಟೇ ಹೇಳುತ್ತಿತ್ತು. ಬಿಟ್ಟರೆ ಏನಾಗುತ್ತದೆ ಎಂಬುದನ್ನು ಈ ಸಾಲು ಹೇಳುತ್ತದೆ. ಹೆಸರು ಹಿಡಿದು ಕೊಟ್ಟರೆ ನಡುವಿನ ಹಮಾಲಿಯನ್ನು ದಾಟಿ ಸಾಗಣೆಯನ್ನಷ್ಟೇ ಕೊಡಬಹುದೆಂಬುದೂ ಇದರಿಂದ ತಿಳಿಯುತ್ತದೆ.

ಎರಡನೆಯದಾಗಿ, ಸಾಲಿನ ಕೆಳಗೆ ಫಂಕ್ಷನ್ ಬಳಸುವ ಕರೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಉತ್ತರಸಮೇತ ಕೊಡಿ. ತೊಗರಿ_ಬೆಲೆ(5, 7000) ಎಂದರೆ 35000; ತೊಗರಿ_ಬೆಲೆ(5, 7000, 20) ಎಂದರೆ 34900; ತೊಗರಿ_ಬೆಲೆ(5, 7000, ಸಾಗಣೆ=30) ಎಂದರೆ 34850. ದರ ಲೆಕ್ಕಕ್ಕೆಂದು ಇಟ್ಟದ್ದು, ಇಂದಿನ ಮಾರುಕಟ್ಟೆಯದಲ್ಲ.

ಒಂದೇ ಸಾಲಿಗೆ ಒಗ್ಗದ ಫಂಕ್ಷನ್‌ಗಳೂ ಇವೆ. ಪೈಥಾನ್‌ನ ‘ರೇಂಜ್’ (range) ಸಂಖ್ಯೆಗಳ ಸಾಲನ್ನು ಕೊಡುವ ಫಂಕ್ಷನ್; ಅದಕ್ಕೆ ಒಂದೇ ಸಂಖ್ಯೆ ಕೊಟ್ಟರೆ ಅದು ಅಂತ್ಯ, ಎರಡು ಕೊಟ್ಟರೆ ಮೊದಲನೆಯದು ಆರಂಭ, ಎರಡನೆಯದು ಅಂತ್ಯ. ಮೊದಲ ಜಾಗದ ಅರ್ಥವೇ ಬದಲಾಗುವಾಗ ಜಾಣತನ ತೋರಿಸದೆ ಪ್ರತಿ ರೂಪಕ್ಕೂ ಬೇರೆ ಸಾಲು ಬರೆಯುವುದೇ ಲೇಸು; ಪೈಥಾನ್‌ನ ಅಧಿಕೃತ ಕೈಪಿಡಿಯೂ ‘ರೇಂಜ್’ ಅನ್ನು ಎರಡು ಸಾಲುಗಳಲ್ಲಿ ತೋರಿಸುತ್ತದೆ.

ಕೊನೆಯ ಹಂತ ಡಿಫಾಲ್ಟ್ ‘ನನ್’ (None, ‘ಮೌಲ್ಯವಿಲ್ಲ’ ಎಂಬ ಗುರುತು) ಆಗಿರುವ ಕಡೆಗೆ. ‘ದಿನಾಂಕ=ನನ್’ ಎಂಬುದನ್ನು ಓದಿದವರಿಗೆ ಅದು ಇಂದಿನ ದಿನಾಂಕವೋ, ದಿನಾಂಕವೇ ಇಲ್ಲವೋ ಗೊತ್ತಾಗುವುದಿಲ್ಲ; ‘ಕೊಡದಿದ್ದರೆ ಇಂದಿನ ದಿನಾಂಕ’ ಎಂದು ಮಾತಿನಲ್ಲಿಯೇ ಬರೆಯಬೇಕು. ಜಾವಾಸ್ಕ್ರಿಪ್ಟ್‌ನಲ್ಲಿ ಇನ್ನೂ ಒಂದು ಎಚ್ಚರಿಕೆ ಬೇಕು: ಅಲ್ಲಿ ಆರ್ಗ್ಯುಮೆಂಟನ್ನು ಬಿಟ್ಟರೆ ಡಿಫಾಲ್ಟ್ ಬರುತ್ತದೆ, ‘ನಲ್’ (null, ಅಲ್ಲಿನ ‘ಮೌಲ್ಯವಿಲ್ಲ’ ಎಂಬ ಗುರುತು) ಕೊಟ್ಟರೆ ಬರುವುದಿಲ್ಲ, ಆ ‘ನಲ್’ ಹಾಗೆಯೇ ಒಳಗೆ ಹೋಗುತ್ತದೆ.