ಜ್ವರ ಬಂದ ಮಗುವನ್ನು ಮತ್ತೆ ಯಾವಾಗ ಸ್ಕೂಲಿಗೆ ಕಳಿಸಬೇಕು? ಕ್ಯಾಲಿಫೋರ್ನಿಯಾದ ಈಗಿನ ಕೋವಿಡ್ ನಿಯಮ

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಮಗಳ ಹಣೆ ಬಿಸಿಯಾಗಿತ್ತು. ಥರ್ಮಾಮೀಟರ್ 100.9 ತೋರಿಸಿತು. ಯಜಮಾನರು ಊರಲ್ಲಿರಲಿಲ್ಲ, ನನಗೆ ಒಂಬತ್ತಕ್ಕೆ ಮೀಟಿಂಗ್. ಜ್ವರದ ಸಿರಪ್ ಕುಡಿಸಿದೆ. ಎಂಟು ಗಂಟೆಗೆ ಜ್ವರ ಇಳಿದಿತ್ತು, ಕಳಿಸಿಬಿಟ್ಟೆ. ಹನ್ನೊಂದೂಕಾಲಿಗೆ ಸ್ಕೂಲಿನಿಂದ ಫೋನ್. ಹೋಗಿ ನೋಡಿದರೆ ಹೆಲ್ತ್ ಆಫೀಸಿನ ಮೂಲೆಯಲ್ಲಿ ಮಾಸ್ಕ್ ಹಾಕಿಕೊಂಡು, ಜಾಕೆಟ್ಟಿನ ಜಿಪ್ ಕುತ್ತಿಗೆತನಕ ಎಳೆದುಕೊಂಡು ಕೂತಿದ್ದಳು. ತೊಡೆ ಮೇಲೆ ಚಿತ್ರಾನ್ನದ ಡಬ್ಬಿ, ಮುಚ್ಚಳ ಕೂಡ ತೆಗೆದಿರಲಿಲ್ಲ. ಸಂಜೆ ಕೋವಿಡ್ ಟೆಸ್ಟ್ ಮಾಡಿದರೆ ಎರಡು ಗೆರೆ, ಅಂದರೆ ಪಾಸಿಟಿವ್.

ನಾನು ಮಾಡಿದ ತಪ್ಪನ್ನು ನೀವು ಮಾಡಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ಕೋವಿಡ್ ಬಂದರೆ ಎಷ್ಟು ದಿನ ಮನೆಯಲ್ಲೇ ಇರಬೇಕು ಅಂತ ನಮ್ಮಲ್ಲಿ ತುಂಬಾ ಜನ ಇನ್ನೂ ದಿನ ಎಣಿಸುತ್ತಾರೆ. ಶುರುವಿನಲ್ಲಿ 10 ದಿನ ಇತ್ತು. 2021ರ ಡಿಸೆಂಬರ್ ಕೊನೆಗೆ ಸಿಡಿಸಿ (ಅಮೆರಿಕದ ಕೇಂದ್ರ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ) ಅದನ್ನು 5 ದಿನಕ್ಕೆ ಇಳಿಸಿತು. ಈಗ ಅದೂ ಇಲ್ಲ. ಕ್ಯಾಲಿಫೋರ್ನಿಯಾ 2024ರ ಜನವರಿಯಲ್ಲಿ, ಸಿಡಿಸಿ ಅದೇ ವರ್ಷದ ಮಾರ್ಚ್ 1ರಂದು, 5 ದಿನದ ಲೆಕ್ಕ ಕೈಬಿಟ್ಟವು. ಈಗ ನೋಡಬೇಕಾದ್ದು ಎರಡೇ: ಜ್ವರ ಬಿಟ್ಟು 24 ಗಂಟೆ ಆಗಿದೆಯಾ, ಕೆಮ್ಮು ಸುಸ್ತು ಕಡಿಮೆಯಾಗುತ್ತಾ ಬಂದಿದೆಯಾ. ಎರಡಕ್ಕೂ ಹೌದು ಅಂದರೆ ಮಗು ಸ್ಕೂಲಿಗೆ ಹೋಗಬಹುದು. ಟೀಚರ್‌ಗಳಿಗೂ ಇದೇ ಅಳತೆ.

ಆ 24 ಗಂಟೆಯನ್ನು ಔಷಧಿ ಇಲ್ಲದೆ ಎಣಿಸಬೇಕು. ನಾನು ಎಡವಿದ್ದು ಇಲ್ಲೇ. ಸಿರಪ್ ಕೊಟ್ಟಾಗ ಇಳಿಯುವ ಜ್ವರ ಇಳಿದ ಹಾಗಲ್ಲ. ಸೋಮವಾರ ರಾತ್ರಿ ಎಂಟಕ್ಕೆ ಕೊನೆಯ ಡೋಸ್ ಕೊಟ್ಟಿದ್ದೀರಿ ಅಂದುಕೊಳ್ಳಿ. ಮಂಗಳವಾರ ಪೂರ್ತಿ ಏನೂ ಕೊಡದೆ ಜ್ವರ ಬರಲಿಲ್ಲ ಅಂದರೆ ಬುಧವಾರ ಬೆಳಿಗ್ಗೆ ಕಳಿಸಿ. ಇಲ್ಲಿ ಸಾಮಾನ್ಯವಾಗಿ 100.4 ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಜ್ವರ ಅಂತ ಲೆಕ್ಕ.

ಊರಿಂದ ತಂದ ಡೋಲೋ, ಕ್ರೋಸಿನ್ ಮಗುವಿನ ಬ್ಯಾಗಿಗೆ ಹಾಕಿ ಕಳಿಸಬೇಡಿ. ಡೋಲೋ 650 ದೊಡ್ಡವರ ಮಾತ್ರೆ. ಅದೂ ಅಲ್ಲದೆ, ಇಲ್ಲಿನ ಸ್ಕೂಲಿನಲ್ಲಿ ಸಾದಾ ಜ್ವರದ ಮಾತ್ರೆ ಕೊಡಬೇಕಾದರೂ ಡಾಕ್ಟರ್ ಮತ್ತು ತಂದೆತಾಯಿ ಇಬ್ಬರೂ ಬರೆದುಕೊಡಬೇಕು.

ವಾಪಸ್ ಹೋದ ಮೇಲೆ ಮಾಸ್ಕ್ ಎಷ್ಟು ದಿನ? ಸಿಡಿಸಿ ಹೇಳುವುದು ಇನ್ನೂ 5 ದಿನ ಹುಷಾರಾಗಿರಿ ಅಂತ. ಕ್ಯಾಲಿಫೋರ್ನಿಯಾ 2024ರಲ್ಲಿ ಹೇಳಿದ್ದು ಕಾಯಿಲೆ ಶುರುವಾದಾಗಿನಿಂದ 10 ದಿನ ಒಳಾಂಗಣದಲ್ಲಿ ಮಾಸ್ಕ್. ನಡುವೆ ಒಂದು ದಿನದ ಅಂತರದಲ್ಲಿ ಎರಡು ಟೆಸ್ಟ್ ನೆಗೆಟಿವ್ ಬಂದರೆ ಮೊದಲೇ ತೆಗೆಯಬಹುದು. ನನ್ನನ್ನು ಕೇಳಿದರೆ 10 ದಿನವೇ ಒಳ್ಳೆಯದು. ಶನಿವಾರದ ಕನ್ನಡ ಕ್ಲಾಸಿಗೂ ಮಾಸ್ಕ್ ಹಾಕಿಯೇ ಕಳಿಸಿ. ಅಲ್ಲಿಗೆ ಮಕ್ಕಳನ್ನು ಬಿಡಲು ಬರುವವರಲ್ಲಿ ಅಜ್ಜಿ ತಾತಂದಿರು ಜಾಸ್ತಿ ಅಲ್ವಾ?

ಅಣ್ಣನಿಗೆ ಬಂದಿದೆ, ತಂಗಿ ಚೆನ್ನಾಗಿದ್ದಾಳೆ ಅಂದರೆ ತಂಗಿ ಸ್ಕೂಲಿಗೆ ಹೋಗಬಹುದು. ನಿಮ್ಮ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಅಥವಾ ಸ್ಕೂಲ್ ಇದಕ್ಕಿಂತ ಬಿಗಿ ನಿಯಮ ಇಟ್ಟುಕೊಂಡಿದ್ದರೆ ಅದನ್ನೇ ಪಾಲಿಸಬೇಕು.

ಈಗ ಹಾಜರಿ. ನಾವು ಚಿಕ್ಕವರಿದ್ದಾಗ ಜ್ವರ ಬಂದರೆ ವಾಪಸ್ ಹೋಗುವ ದಿನ ಅಪ್ಪನ ಸಹಿ ಇರುವ ರಜಾ ಚೀಟಿ ಕೊಟ್ಟರೆ ಮುಗಿಯುತ್ತಿತ್ತು. ಇಲ್ಲಿ ಅದೇ ದಿನ ಬೆಳಿಗ್ಗೆ ಸ್ಕೂಲಿನ ಅಟೆಂಡೆನ್ಸ್ ಲೈನಿಗೆ ಫೋನ್ ಮಾಡಿ, ಇಲ್ಲವೇ ಆ್ಯಪ್‌ನಲ್ಲಿ ಹಾಕಿ. ಮಗುವಿನ ಹೆಸರು, ಕ್ಲಾಸು, "ಹುಷಾರಿಲ್ಲ" ಅನ್ನುವ ಕಾರಣ ಸಾಕು. ಕಾರಣ ಹೇಳದಿದ್ದರೆ ಅದು ಅನ್‌ಎಕ್ಸ್‌ಕ್ಯೂಸ್ಡ್, ಅಂದರೆ ಸರಿಯಾದ ಕಾರಣವಿಲ್ಲದ ಗೈರುಹಾಜರಿ ಆಗುತ್ತದೆ. ಅಂಥದ್ದು ವರ್ಷಕ್ಕೆ ಮೂರಾದರೆ ಕಾನೂನಿನ ಪ್ರಕಾರ ಮಗು ಟ್ರುಯಂಟ್ (ಕಾರಣವಿಲ್ಲದೆ ಸ್ಕೂಲ್ ತಪ್ಪಿಸುವ ಮಗು), ಮನೆಗೆ ಪತ್ರ ಬರುತ್ತದೆ.

ಇನ್ನೊಂದು ಲೆಕ್ಕವೂ ಇದೆ. ಕಾರಣ ಏನೇ ಇರಲಿ, ವರ್ಷದ ಶೇ. 10ರಷ್ಟು ದಿನ ತಪ್ಪಿಸಿದರೆ, ಅಂದರೆ 180ರಲ್ಲಿ 18 ದಿನ, ಮಗುವಿನ ಹೆಸರು ಕ್ರಾನಿಕ್ ಆಬ್ಸೆಂಟಿ, ಅಂದರೆ ಪದೇ ಪದೇ ಗೈರಾಗುವವರ ಪಟ್ಟಿಗೆ ಸೇರುತ್ತದೆ. ಕ್ಲಾಸು ನಡೆಯುತ್ತಿರುವಾಗಲೇ ಎರಡು ವಾರ ಬೆಂಗಳೂರಿಗೆ ಹೋಗಿಬಂದವರಿಗೆ ಜ್ವರಕ್ಕೆ ಉಳಿಯುವುದು ಕೆಲವೇ ದಿನ. ಟಿಕೆಟ್ ಬುಕ್ ಮಾಡುವಾಗಲೇ ಇದು ನೆನಪಿರಲಿ. ಆಮೇಲೆ ಹೆದರಿ ಕಾಯಿಲೆ ಮಗುವನ್ನು ಕಳಿಸುವ ಹಾಗಾಗಬಾರದು.

ಸ್ಕೂಲಿನಲ್ಲೇ ಕೆಲಸ ಮಾಡುವ ಅಕ್ಕತಂಗಿಯರಿಗೆ ಒಂದು ಮಾತು. ಪ್ರೀಸ್ಕೂಲ್ ಟೀಚರ್, ಕ್ಲಾಸ್‌ರೂಮ್ ಏಡ್, ಊಟದ ಹೊತ್ತಿನ ಯಾರ್ಡ್ ಡ್ಯೂಟಿ ಅಂತ ನಮ್ಮವರು ತುಂಬಾ ಜನ ಇದ್ದಾರೆ. ಕೆಲಸದ ಜಾಗದ ವಿಶೇಷ ಕೋವಿಡ್ ನಿಯಮಗಳಲ್ಲಿ ಹೆಚ್ಚಿನವು 2025ರ ಫೆಬ್ರವರಿ 3ಕ್ಕೆ ಮುಗಿದವು. ಕೋವಿಡ್‌ಗೆಂದೇ ಇದ್ದ ಸಂಬಳದ ರಜೆ 2022ರ ಕೊನೆಗೇ ನಿಂತಿತ್ತು. ಆದರೆ ಮಾಮೂಲಿ ಸಿಕ್ ಲೀವ್ ನಿಮ್ಮ ಹಕ್ಕು. 2024ರ ಜನವರಿಯಿಂದ ಅದು ವರ್ಷಕ್ಕೆ ಕನಿಷ್ಠ 40 ಗಂಟೆ ಅಥವಾ 5 ದಿನ. ಪಾರ್ಟ್ ಟೈಮ್ ಇದ್ದರೂ ಸಾಮಾನ್ಯವಾಗಿ 30 ಗಂಟೆ ಕೆಲಸಕ್ಕೆ ಒಂದು ಗಂಟೆ ಜಮೆಯಾಗುತ್ತದೆ, 90 ದಿನ ಕಳೆದ ಮೇಲೆ ಬಳಸಬಹುದು. ಮಗುವಿಗೆ ಹುಷಾರಿಲ್ಲದಾಗಲೂ ತೆಗೆದುಕೊಳ್ಳಬಹುದು. ಪೇ ಸ್ಲಿಪ್ಪಿನಲ್ಲಿ ಎಷ್ಟು ಉಳಿದಿದೆ ನೋಡಿಕೊಳ್ಳಿ. ಸಂಕೋಚಪಟ್ಟು ಜ್ವರದಲ್ಲೇ ಕೆಲಸಕ್ಕೆ ಹೋಗಬೇಡಿ.

ಊರಿಂದ ಅಪ್ಪ ಅಮ್ಮ ಬಂದಿದ್ದರೆ ಮಗುವಿಗೆ ಗಂಟಲು ಕೆರೆತ ಶುರುವಾದ ದಿನವೇ ಟೆಸ್ಟ್ ಮಾಡಿ, ಮಲಗುವ ಕೋಣೆ ಬೇರೆ ಮಾಡಿ. ಅವರಿಗೆ ಬಂದರೆ ಕೋವಿಡ್‌ಗೆ ಕೊಡುವ ಪ್ಯಾಕ್ಸ್‌ಲೋವಿಡ್ ಮಾತ್ರೆಯನ್ನು ಲಕ್ಷಣ ಕಂಡ 5 ದಿನದೊಳಗೆ ಶುರುಮಾಡಬೇಕು. ಅದು ಕೆಲವು ಬಿಪಿ, ಹೃದಯದ ಮಾತ್ರೆಗಳ ಜೊತೆ ಆಗಿಬರುವುದಿಲ್ಲ. ಅಪ್ಪ ಅಮ್ಮ ಊರಿಂದ ತಂದ ಮಾತ್ರೆಗಳ ಹೆಸರನ್ನೆಲ್ಲ ಇವತ್ತೇ ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿಡಿ.