ಮನೆಗೊಂದೇ ಫೋನು: ಹೈಸ್ಕೂಲು ಪಾಠಕ್ಕೆ ವಾಟ್ಸ್‌ಆ್ಯಪ್ ಬಳಸುವ ಕ್ರಮ

ಗದಗ, ಹಾವೇರಿ ಕಡೆಯ ಅನೇಕ ಹಳ್ಳಿಮನೆಗಳಲ್ಲಿ ಸ್ಮಾರ್ಟ್‌ಫೋನು ಒಂದೇ. ಬೆಳಿಗ್ಗೆ ಅಪ್ಪನ ಜೊತೆ ಹೊಲಕ್ಕೋ ಸಂತೆಗೋ ಹೋದದ್ದು ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತದೆ. ಅಷ್ಟರಲ್ಲಿ ಆ ದಿನದ ಡೇಟಾ ಬಹುಪಾಲು ಮುಗಿದಿರುತ್ತದೆ, ಹೊಸ ಡೇಟಾ ಸಿಗುವುದು ನಡುರಾತ್ರಿಯ ನಂತರ. ಆದ್ದರಿಂದ ಶಿಕ್ಷಕರು ವಾಟ್ಸ್‌ಆ್ಯಪ್‌ನಲ್ಲಿ ಮಕ್ಕಳಿಗೆ ಕೊಡುವ ಕೆಲಸ ಹತ್ತು ನಿಮಿಷದೊಳಗೆ, ಕಡಿಮೆ ಡೇಟಾದಲ್ಲಿ, ಬೇರೆಯವರ ಫೋನಿನಲ್ಲಿ ಮುಗಿಯುವಂತಿರಬೇಕು. ಪ್ರಶ್ನೆ ಫೋನಿನಲ್ಲಿ ಹೋಗಲಿ, ಉತ್ತರ ನೋಟ್‌ಬುಕ್ಕಿನಲ್ಲಿ ಬರಲಿ.

ಮೊದಲು ಒಪ್ಪಿಗೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಪೋಷಕರ ಸಭೆಯಲ್ಲಿ ಏನು ಕಳಿಸುತ್ತೀರಿ, ಏನು ಕಳಿಸುವುದಿಲ್ಲ, ಯಾವ ತಿಂಗಳು ನಿಲ್ಲಿಸುತ್ತೀರಿ ಎಂಬ ಮೂರನ್ನೂ ಓದಿ ಹೇಳಿ ಸಹಿ ಪಡೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಸೇರಿಸುವುದು ಪೋಷಕರ ನಂಬರನ್ನೇ. ಶಾಲೆಗೆಂದು ಬೇರೆ ಸಿಮ್ ಇದ್ದರೆ ಒಳ್ಳೆಯದು. ಅಡ್ಮಿನ್ ಇಬ್ಬರಿರಲಿ, ಅವರಲ್ಲಿ ಒಬ್ಬರು ಶಿಕ್ಷಕಿಯಾಗಿರಲಿ.

ಸಾಮಾನ್ಯ ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳ ಮನೆಯವರು ಹಿಂಜರಿಯುವುದು ಇದಕ್ಕೇ, ಅವರ ಆತಂಕ ಸರಿಯಾದದ್ದೇ. ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಮುಟ್ಟಿಸುವ ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ ಈ ತೊಂದರೆಯಿಲ್ಲ, ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ಸಂದೇಶ ಮುಟ್ಟುತ್ತದೆ. ಅರ್ಧ ತರಗತಿಗೆ ಪಾಠ ತಲುಪದಿದ್ದರೆ ಕಾರಣ ಅಲ್ಲಿ ಹುಡುಕಿ. ಇವೆರಡಕ್ಕಿಂತ ‘ಕಮ್ಯುನಿಟಿ’ ಮಾಡಿ ಅದರ ಅನೌನ್ಸ್‌ಮೆಂಟ್ ವಿಭಾಗ ಬಳಸುವುದು ಮೇಲು. ಅಲ್ಲಿ ಅಡ್ಮಿನ್‌ಗಳಷ್ಟೇ ಸಂದೇಶ ಹಾಕಬಹುದು, ಸದಸ್ಯರ ನಂಬರು ಅಪರಿಚಿತ ಸದಸ್ಯರಿಗೆ ಕಾಣುವುದಿಲ್ಲ. ಜೊತೆಗೆ ‘ಜನರಲ್’ ಎಂಬ ಗ್ರೂಪು ತಾನಾಗಿಯೇ ಹುಟ್ಟಿಕೊಂಡಿದ್ದರೆ ಅದನ್ನು ತೆಗೆದುಹಾಕಿ, ಅದರೊಳಗೆ ನಂಬರುಗಳು ಕಾಣುತ್ತವೆ.

ಪ್ರಶ್ನೆಯನ್ನು ನೇರವಾಗಿ ಟೈಪ್ ಮಾಡಿ ಕಳಿಸಿ, ಅದಕ್ಕೆ ಡೇಟಾ ಬೇಕಾಗುವುದೇ ಇಲ್ಲ ಎನ್ನಬಹುದು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡ್‌ಗೆ ಬದಲಿಸಿ, ಇಲ್ಲವೇ ಪಿಡಿಎಫ್ ಮಾಡಿ. ಬೋರ್ಡಿನ ಫೋಟೊವನ್ನು ಕಿಟಕಿಯ ಬೆಳಕು ಹೊಳೆಯದ ಕೋನದಿಂದ ತೆಗೆಯಿರಿ. ವಾಟ್ಸ್‌ಆ್ಯಪ್ ಫೋಟೊವನ್ನು ಕುಗ್ಗಿಸುವುದರಿಂದ ಸಣ್ಣ ಅಕ್ಷರ ಮಸುಕಾಗುತ್ತದೆ. ಇಡೀ ಬೋರ್ಡನ್ನು ಒಂದೇ ಫೋಟೊದಲ್ಲಿ ತುರುಕುವ ಬದಲು ಎರಡು ಭಾಗ ಮಾಡಿ.

ಓದಲು ಬಾರದ ತಂದೆತಾಯಿಗೆ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಸಾಕು, ಅದೂ ಊರ ಮಾತಿನಲ್ಲೇ ಇರಲಿ: “ನಮಸ್ಕಾರ್ರಿ. ಒಂಬತ್ತನೇತ್ತಾ ವಿಜ್ಞಾನದ್ದು ಇವತ್ತ ಒಂದ ಪ್ರಶ್ನೆ ಐತ್ರಿ. ಮಗಳಿಗಾಗ್ಲಿ ಮಗನಿಗಾಗ್ಲಿ ಹತ್ತು ನಿಮಿಷ ಫೋನ್ ಕೊಡ್ರಿ. ಉತ್ತರ ನೋಟ್‌ಬುಕ್ಕಿನ್ಯಾಗ ಬರೀಲಿ, ಫೋನಿನ್ಯಾಗ ಕಳಸೂದು ಬ್ಯಾಡ್ರಿ.” ಕಳಿಸುವ ಹೊತ್ತು ಸಂಜೆ ಏಳು. ಮಧ್ಯಾಹ್ನ ಕಳಿಸಿದ್ದು ರಾತ್ರಿಯೊಳಗೆ ಬೇರೆ ಫಾರ್ವರ್ಡ್‌ಗಳ ಅಡಿ ಹೂತುಹೋಗುತ್ತದೆ.

ವಿಡಿಯೊ ಬೇಕೇ ಬೇಕೆಂದರೆ ಮೂರು ನಾಲ್ಕು ನಿಮಿಷದ್ದನ್ನು ಯೂಟ್ಯೂಬಿನಲ್ಲಿ ‘ಅನ್‌ಲಿಸ್ಟೆಡ್’ ಆಗಿ ಹಾಕಿ ಲಿಂಕ್ ಕೊಡಿ. ಲಿಂಕ್ ಸಿಕ್ಕ ಯಾರು ಬೇಕಾದರೂ ಅದನ್ನು ನೋಡಬಹುದು, ಹಾಗಾಗಿ ಮಕ್ಕಳ ಮುಖ ಬೇಡ. ‘ಮೇಡ್ ಫಾರ್ ಕಿಡ್ಸ್’ ಆಯ್ಕೆ ಮಾಡಿದರೆ ಕಾಮೆಂಟುಗಳು ತಾವೇ ಬಂದ್ ಆಗುತ್ತವೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸರ್ಕಾರದ ಪಾಠಗಳ ಜಾಲತಾಣವಾದ ದೀಕ್ಷಾಗೆ ಒಯ್ಯುತ್ತದೆ. ಅಲ್ಲಿ ಇರುವುದನ್ನೇ ಮತ್ತೆ ಚಿತ್ರೀಕರಿಸಬೇಕಾಗಿಲ್ಲ.

ಸೋಶಿಯಲ್ ಮೀಡಿಯಾವನ್ನೇ ಪಾಠದ ವಸ್ತುವಾಗಿ ಮಾಡುವುದು ಎಲ್ಲಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಹಾವೇರಿ ಜಿಲ್ಲೆಯಲ್ಲಿ ಅದಕ್ಕೆ ಬ್ಯಾಡಗಿ ಮೆಣಸಿನಕಾಯಿ ದರಕ್ಕಿಂತ ಒಳ್ಳೆಯ ಸರಕಿಲ್ಲ. ಸುಗ್ಗಿಯಲ್ಲಿ ದರದ ಸಂದೇಶಗಳು ಮನೆಮನೆಗೆ ಹರಿಯುತ್ತವೆ. ಮನೆಗೆ ಬಂದ ಅಂಥ ಒಂದು ಸಂದೇಶವನ್ನು ಇದ್ದದ್ದು ಇದ್ದ ಹಾಗೆ ನೋಟ್‌ಬುಕ್ಕಿಗೆ ನಕಲು ಮಾಡಿ ತರಲು ಹೇಳಿ. ಸಂದೇಶದ ಮೇಲೆ ಫಾರ್ವರ್ಡ್ ಆದದ್ದನ್ನು ತೋರಿಸುವ ಬಾಣ ಒಂದಿತ್ತೇ, ಎರಡೇ ಎಂಬುದನ್ನೂ ಬರೆಯಲಿ. ಎರಡು ಬಾಣವೆಂದರೆ ಸಂದೇಶ ಕನಿಷ್ಠ ಐದು ಕೈ ದಾಟಿ ಬಂದಿದೆ. ಅದನ್ನು ಒಮ್ಮೆಗೆ ಒಂದೇ ಚಾಟಿಗೆ ಮುಂದಕ್ಕೆ ಕಳಿಸಲು ಬರುತ್ತದೆ.

ತರಗತಿಯಲ್ಲಿ ನಾಲ್ಕು ಜನರ ಗುಂಪು ಮಾಡಿ. ಯಾವ ಮಾರುಕಟ್ಟೆ, ಯಾವ ದಿನ, ಮೆಣಸಿನಕಾಯಿಯ ಬಗೆ ಡಬ್ಬಿಯೋ ಕಡ್ಡಿಯೋ ಗುಂಟೂರೋ, ದರ ಕ್ವಿಂಟಲ್‌ಗೋ ಕೆಜಿಗೋ ಎಂದು ಹುಡುಕಲಿ. ತಾರೀಖೇ ಇಲ್ಲದ ಸಂದೇಶಗಳು ಇಲ್ಲೇ ಸಿಕ್ಕಿಬೀಳುತ್ತವೆ. ನಂತರ ಮಾರುಕಟ್ಟೆ ದರ ತಿಳಿಸುವ ಸರ್ಕಾರಿ ಜಾಲತಾಣ ಕೃಷಿ ಮಾರಾಟ ವಾಹಿನಿಯಿಂದ ಅದೇ ದಿನದ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ಮಾಲು ಮಾರಾಟವಾದ) ದರ ಮೂರನ್ನೂ ನೀವು ಬೋರ್ಡಿಗೆ ಬರೆಯಿರಿ. ಸಂದೇಶದಲ್ಲಿ ಬಂದದ್ದು ಹೆಚ್ಚಾಗಿ ಗರಿಷ್ಠ ದರ. ಹರಾಜಿಗಿಟ್ಟ ಒಂದೆರಡು ಲಾಟಿಗೆ (ರಾಶಿಗೆ) ಸಿಕ್ಕ ಬೆಲೆ ಅದು, ಸುಳ್ಳಲ್ಲ, ಆದರೂ ಅದನ್ನೇ ನಂಬಿ ಚೀಲ ಹೇರಿಕೊಂಡು ಹೋದ ರೈತನಿಗೆ ಪೆಟ್ಟು ಬೀಳುತ್ತದೆ. ಸರಾಸರಿ, ಮಧ್ಯಾಂಕ, ಬಹುಲಕಗಳ ಲೆಕ್ಕ ಇಲ್ಲಿಂದ ಶುರುವಾದರೆ ಆ ಮೂರು ಯಾಕೆ ಬೇಕೆಂದು ಮಕ್ಕಳಿಗೆ ಬೇರೆ ಹೇಳಬೇಕಿಲ್ಲ. ಇದಕ್ಕೆ ಎರಡು ಪೀರಿಯಡ್ ಇಟ್ಟುಕೊಳ್ಳಿ, ಒಂದರಲ್ಲಿ ಮುಗಿಯದು. ಗದಗ ಜಿಲ್ಲೆಯವರು ಚಳಿಗಾಲದಲ್ಲಿ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತಿನ ಎಣಿಕೆಯನ್ನು ಹಕ್ಕಿಗಳ ಲೆಕ್ಕ ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಶಿಕ್ಷಕರ ಖಾತೆಯಿಂದ ದಾಖಲಿಸಬಹುದು.

ಸಾಮಾನ್ಯ ಗ್ರೂಪಿನ ವಾಟ್ಸ್‌ಆ್ಯಪ್ ಪೋಲ್‌ನಲ್ಲಿ ಯಾರು ಯಾವ ಉತ್ತರ ಒತ್ತಿದರೆಂಬುದು ಕಾಣುತ್ತದೆ. ಉಳಿದವರು ಜಾಣರನ್ನು ನೋಡಿ ಒತ್ತುತ್ತಾರೆ, ಹಾಗಾಗಿ ಪರೀಕ್ಷೆಗೆ ಅದು ಬೇಡ. ಅಂಕಪಟ್ಟಿ, ಗೈರಾದವರ ಹೆಸರು, ಶುಲ್ಕ ಬಾಕಿ ಯಾವತ್ತೂ ಹಾಕಬೇಡಿ. ಶಿಕ್ಷಕರು ಒಬ್ಬ ವಿದ್ಯಾರ್ಥಿಯ ಜೊತೆ ಖಾಸಗಿ ಚಾಟ್ ಮಾಡಕೂಡದು, ಇದಕ್ಕೆ ವಿನಾಯಿತಿಯಿಲ್ಲ. ಮಗುವಿಗೆ ಯಾರಾದರೂ ಅಸಭ್ಯ ಸಂದೇಶ ಕಳಿಸಿದರೆ ಅಳಿಸುವ ಮುನ್ನ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮುಖ್ಯಶಿಕ್ಷಕರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹಣದ ಮೋಸಕ್ಕೆ 1930.

ಫೋನಿಲ್ಲದ ಮನೆಯ ಮಕ್ಕಳನ್ನು ಅದೇ ಓಣಿಯ ಒಬ್ಬರ ಜೊತೆ ಜೋಡಿ ಮಾಡಿ, ಮರುದಿನ ಪ್ರಾರ್ಥನೆಗೆ ಮೊದಲು ಅದೇ ಪ್ರಶ್ನೆಯನ್ನು ಬೋರ್ಡಿನ ಮೇಲೂ ಬರೆದಿಡಿ. ಉತ್ತರ ತೋರಿಸುವ ಗಡುವು ಮಾರನೆಯ ದಿನವಲ್ಲ, ಅದರ ಮಾರನೆಯ ದಿನ. ವಾರ್ಷಿಕ ಪರೀಕ್ಷೆ ಮುಗಿದ ವಾರದಲ್ಲೇ ಸದಸ್ಯರನ್ನು ತೆಗೆದು ಕಮ್ಯುನಿಟಿ ಮುಚ್ಚಿ, ನಿಮ್ಮ ಫೋನಿನಲ್ಲಿ ಉಳಿದ ಮಕ್ಕಳ ಫೋಟೊಗಳನ್ನೂ ಅಳಿಸಿ.